ತೆಂಗಿನ ಸೀಮೆಯಲ್ಲೊಂದು ನೀತಿಪಾಠ

ತುಮಕೂರು ದಾಟಿ ಬಿ.ಎಚ್. ರಸ್ತೆಯಲ್ಲಿ ಪಶ್ಚಿಮಕ್ಕೆ ಸಾಗಿದರೆ, ಗುಬ್ಬಿ ಕಳೆದು ಮುಂದೆ ಹೋದಂತೆ ರಸ್ತೆಯ ಎರಡೂ ಬದಿಗೆ ತೆಂಗು ದಟ್ಟವಾಗುತ್ತದೆ. ಕೆ.ಬಿ. ಕ್ರಾಸ್ ಬರುವ ಹೊತ್ತಿಗೆ ಈ ನಾಡಿನಲ್ಲಿ ಬೇರೆ ಮರವೇ ಇಲ್ಲವೇನೋ ಅನ್ನಿಸಬೇಕು. ಇಲ್ಲಿಂದ ಎಡಕ್ಕೆ ತಿರುಗಿದರೆ ತುರುವೇಕೆರೆ, ಬಲಕ್ಕೆ ಚಿಕ್ಕನಾಯಕನಹಳ್ಳಿ, ನೇರ ಹೋದರೆ ತಿಪಟೂರು. ಈ ಮೂರು ತಾಲ್ಲೂಕುಗಳ ಬದುಕು ನಿಂತಿರುವುದು ಒಂದೇ ಮರದ ಮೇಲೆ. ಇದನ್ನು ಕಲ್ಪತರು ನಾಡು ಎಂದು ಕರೆಯುವುದು ಸುಮ್ಮನೆ ಅಲ್ಲ.

ಪರ ಊರಿನಿಂದ ಬಂದವರು ಇಲ್ಲಿ ಎಳನೀರು ಕೇಳುತ್ತಾರೆ. ಕೊಡುತ್ತೇವೆ, ಬೇಡವೆನ್ನುವುದಿಲ್ಲ. ಆದರೆ ಈ ಸೀಮೆಯ ಹೆಸರು ಉಳಿದಿರುವುದು ಎಳನೀರಿನಿಂದಲ್ಲ, ಕೊಬ್ಬರಿಯಿಂದ. ಚೆನ್ನಾಗಿ ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಎಂಟು ತಿಂಗಳೋ ಹತ್ತು ತಿಂಗಳೋ, ಕೆಲವೊಮ್ಮೆ ವರ್ಷವೋ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಒಣಗಿ ಕರಟದಿಂದ ಬಿಡಿಸಿಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಲೊಡಲೊಡ ಸದ್ದು ಬರಬೇಕು. ಆಗ ಸುಲಿದು, ಕರಟ ಒಡೆದು ತೆಗೆದರೆ ಉಂಡೆ ಕೊಬ್ಬರಿ. ಅವಸರಪಟ್ಟು ಮೊದಲೇ ಒಡೆದವನಿಗೆ ಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ.

ತಿಪಟೂರು ಮಾರುಕಟ್ಟೆಯ ಹರಾಜಿನಲ್ಲಿ ಕೂಗಿದ ಧಾರಣೆಯೇ ಇಲ್ಲಿನ ಮದುವೆ, ಮನೆ, ಮಕ್ಕಳ ಫೀಜು ಎಲ್ಲವನ್ನೂ ನಿರ್ಧರಿಸುತ್ತದೆ. 2023ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 11,750 ರೂಪಾಯಿ ಇದ್ದರೂ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿದ್ದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿ ಹೋಯಿತು. ಬೆಲೆ ಬಿದ್ದಾಗ ಯಾವ ಜಾತಿ, ಯಾವ ಮತ ಎಂದು ನೋಡಿ ಬೀಳುವುದಿಲ್ಲ. ತೋಟದವರು, ಕಾಯಿ ಕೆಡವುವವರು, ಸುಲಿಯುವವರು, ಲಾರಿಯವರು, ಮಂಡಿಯವರು ಎಲ್ಲರ ಮನೆಯಲ್ಲೂ ಒಂದೇ ದಿನ ಒಲೆ ಸಣ್ಣಗಾಗುತ್ತದೆ.

ಈ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಓದಿದ್ದು ಬಿಎಸ್ಸಿ, ಬಿ.ಇಡಿ. ಬೆಳಕಿನ ವಕ್ರೀಭವನ, ಆಮ್ಲ-ಪ್ರತ್ಯಾಮ್ಲ ನನ್ನ ಕಸುಬು. ಆದರೆ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಮೌಲ್ಯಶಿಕ್ಷಣದ ಪೀರಿಯಡ್ಡು ಎಂಬುದೊಂದಿದೆ. ಹಳಬರು ಅದನ್ನು ಈಗಲೂ ನೀತಿಪಾಠ ಎನ್ನುತ್ತಾರೆ. ಅದು ಯಾರಿಗೂ ಬೇಡದ ಪೀರಿಯಡ್ಡಾದ್ದರಿಂದ ಸುತ್ತಿ ಸುತ್ತಿ ನನ್ನ ತಲೆಗೇ ಬಂದು ಕೂತಿದೆ. ತರಗತಿಯಲ್ಲಿ ಲಿಂಗಾಯತರು, ಒಕ್ಕಲಿಗರು, ಕುರುಬರು, ಗೊಲ್ಲರು, ದಲಿತರು, ಮುಸ್ಲಿಮರು ಇದ್ದಾರೆ. ಒಂದಿಬ್ಬರು ಕ್ರೈಸ್ತರು, ವ್ಯಾಪಾರಕ್ಕೆ ಬಂದು ನೆಲೆಸಿದ ಜೈನ ಮನೆಯ ಒಬ್ಬ ಹುಡುಗನೂ ಉಂಟು. ಇಷ್ಟು ಬಗೆಯ ಮಕ್ಕಳ ಮುಂದೆ ನಿಂತು ಧರ್ಮದ ವಿಚಾರ ಎತ್ತುವುದೋ ಬೇಡವೋ? ಎತ್ತಿದರೆ ಹೇಗೆ?

ಕಾಯಿಯ ಸುತ್ತ

ಎತ್ತದೇ ಇರುವುದು ಸುಲಭ. ‘ಸತ್ಯವನ್ನೇ ನುಡಿಯಿರಿ, ಹಿರಿಯರನ್ನು ಗೌರವಿಸಿರಿ’ ಎಂದು ಬೋರ್ಡಿನ ಮೇಲೆ ಬರೆದು ನಲವತ್ತು ನಿಮಿಷ ದೂಡಬಹುದು. ಆದರೆ ನಾವು ಎತ್ತದಿದ್ದರೂ ಮಕ್ಕಳು ಎತ್ತುತ್ತಾರೆ, ಅದೂ ಊಟದ ಬಿಡುವಿನಲ್ಲಿ, ಮೊಬೈಲಿನಲ್ಲಿ ಬಂದ ಅರೆಬರೆ ಮಾತುಗಳನ್ನು ಹಿಡಿದುಕೊಂಡು. ಆದ್ದರಿಂದ ನಾನು ಆರಿಸಿಕೊಂಡದ್ದು ಎಲ್ಲರ ಮನೆಯಲ್ಲೂ ಇರುವ ವಸ್ತುವನ್ನು, ತೆಂಗಿನಕಾಯಿಯನ್ನು. ‘ನಿಮ್ಮ ಮನೆಯ ಹಬ್ಬ, ಮದುವೆ, ಸಾವು, ಹರಕೆಗಳಲ್ಲಿ ಕಾಯಿಗೆ ಏನು ಕೆಲಸ? ಮನೆಯ ಹಿರಿಯರನ್ನು ಕೇಳಿ ಬರೆದು ತನ್ನಿ’ ಎಂದೆ. ಷರತ್ತು ಎರಡೇ: ‘ನಮ್ಮ ಮನೆಯಲ್ಲಿ ಹೀಗೆ’ ಎಂದು ಹೇಳಬಹುದು. ‘ನಿಮ್ಮದು ತಪ್ಪು’ ಎನ್ನಬಾರದು.

ಮುಂದಿನ ವಾರ ಬಂದ ಉತ್ತರಗಳು ಒಂದು ಪುಸ್ತಕಕ್ಕಾಗುವಷ್ಟು. ಕಳಶದ ಮೇಲೆ ಕಾಯಿ, ತಿಪಟೂರಿನ ಕೆಂಪಮ್ಮನಿಗೆ ಈಡುಗಾಯಿ, ಹೊಸ ಟ್ರ್ಯಾಕ್ಟರಿನ ಚಕ್ರದಡಿ ಕಾಯಿ ಇವೆಲ್ಲ ನಿರೀಕ್ಷಿಸಿದ್ದೇ. ‘ದರ್ಗಾಕ್ಕೆ ಕಾಯಿ, ಸಕ್ಕರೆ ತಗೊಂಡು ಹೋಗಿ ಫಾತಿಹಾ ಓದಿಸ್ತೀವಿ ಸಾರ್’ ಎಂದು ಒಬ್ಬ ಮುಸ್ಲಿಂ ಹುಡುಗಿ ಓದಿದಳು. ಪಕ್ಕದ ಸಾಲಿನ ಇನ್ನೊಬ್ಬ ಮುಸ್ಲಿಂ ಹುಡುಗ ಎದ್ದು, ‘ನಮ್ಮನೇಲಿ ಅದು ಮಾಡಲ್ಲ ಸಾರ್, ಕಾಯಿ ಚಟ್ನಿಗೆ ಮಾತ್ರ’ ಎಂದ. ಕ್ರೈಸ್ತ ಹುಡುಗ ಗರಿಗಳ ಭಾನುವಾರಕ್ಕೆ ಎಳೆಯ ತೆಂಗಿನ ಗರಿಯಲ್ಲಿ ಶಿಲುಬೆ ಮಡಚುವುದನ್ನು ಎಲ್ಲರಿಗೂ ತೋರಿಸಿಕೊಟ್ಟ. ಜೈನ ಹುಡುಗ ತಮ್ಮ ಮುನಿಗಳಿಗೆ ಕಾಯಿಯನ್ನು ಒಡೆಯದೆ ಇಡಿಯಾಗಿ ಅರ್ಪಿಸುತ್ತೇವೆ ಎಂದ. ಉತ್ತರದ ಕಡೆ ಭಾಯಿ ದೂಜ್ ದಿನ ತಂಗಿ ಅಣ್ಣನ ಹಣೆಗೆ ತಿಲಕವಿಟ್ಟು ಕೈಗೆ ಕೊಡುವ ‘ಗೋಲಾ’ ಎಂದರೆ ಉಂಡೆ ಕೊಬ್ಬರಿಯೇ ಎಂಬುದೂ ಅವನಿಂದಲೇ ತಿಳಿಯಿತು. ನಮ್ಮ ಅಟ್ಟದ ಮೇಲಿನ ಕಾಯಿ ಎಲ್ಲೋ ದೂರದ ಅಣ್ಣ-ತಂಗಿಯರ ನಡುವಿನ ಉಡುಗೊರೆ ಎಂದು ತಿಳಿದು ಹುಡುಗಿಯರಿಗೆ ಖುಷಿಯೋ ಖುಷಿ.

ಈ ಒಂದು ಗಂಟೆಯಲ್ಲಿ ಮಕ್ಕಳಿಗೆ ಒಂದು ಸಂಗತಿ ಹೊಳೆಯಿತು. ವ್ಯತ್ಯಾಸ ಇರುವುದು ಹಿಂದೂ, ಮುಸ್ಲಿಂ ಎಂಬ ಎರಡು ದೊಡ್ಡ ಚೀಲಗಳ ನಡುವೆ ಮಾತ್ರವಲ್ಲ. ಒಂದೊಂದು ಚೀಲದೊಳಗೂ ಇದೆ.

ವಿಜ್ಞಾನದ ಮೇಷ್ಟ್ರಿಗೆ ಬೇರೆಯದೇ ಒಂದು ಸಂಕಟವಿದೆ. ಜಾತ್ರೆಯೊಂದರಲ್ಲಿ ಭಕ್ತರ ತಲೆಯ ಮೇಲೆ ಕಾಯಿ ಒಡೆದದ್ದನ್ನು ಕಂಡು ಬಂದ ಹುಡುಗನೊಬ್ಬ, ‘ರಕ್ತಾನೇ ಬರಲಿಲ್ಲ ಸಾರ್, ಹೆಂಗೆ?’ ಎಂದು ಕೇಳಿದ. ನಗಬಾರದು, ಹೌದೆನ್ನಲೂ ಆಗದು. ಪವಾಡಗಳನ್ನು ಪರೀಕ್ಷೆಗೆ ಒಡ್ಡಲು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಸಮಿತಿ ಮಾಡಿದ್ದನ್ನು ಹೇಳಿದೆ. ಅವರೂ ಭೌತವಿಜ್ಞಾನದ ಮೇಷ್ಟ್ರೇ. ‘ಎಷ್ಟು ಜನರ ತಲೆಯ ಮೇಲೆ ಒಡೆದರು, ಎಷ್ಟು ಜನ ಆಸ್ಪತ್ರೆಗೆ ಹೋದರು, ಒಡೆಯುವ ಕಾಯಿ ಯಾವ ಬಗೆಯದು? ಮುಂದಿನ ವರ್ಷ ಲೆಕ್ಕ ಹಾಕಿಕೊಂಡು ಬಾ. ಅಲ್ಲಿಯತನಕ ನೀನು ಮಾತ್ರ ತಲೆ ಕೊಡಬೇಡ’ ಎಂದೆ. ನಂಬಿದವರನ್ನು ಹೀಯಾಳಿಸದೆ ಪ್ರಶ್ನೆ ಕೇಳುವುದು ಹೇಗೆ ಎಂಬುದನ್ನು ಯಾವ ಬಿ.ಇಡಿ. ಕಾಲೇಜೂ ನನಗೆ ಕಲಿಸಿರಲಿಲ್ಲ. ಮಕ್ಕಳ ಜೊತೆ ಕಲಿತದ್ದು.

ಕಾನೂನು ಏನನ್ನುತ್ತದೆ?

ಇದನ್ನೆಲ್ಲ ಶಾಲೆಯಲ್ಲಿ ಮಾಡಬಹುದೇ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಸಂವಿಧಾನದ 28ನೇ ವಿಧಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪೂರ್ಣವಾಗಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅದು ನಡೆದರೂ ಒಪ್ಪಿಗೆಯಿಲ್ಲದೆ ಯಾರನ್ನೂ ಕೂರಿಸುವಂತಿಲ್ಲ. ಅಪ್ರಾಪ್ತ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಹಾಗಾದರೆ ಧರ್ಮದ ಹೆಸರೇ ಎತ್ತಬಾರದೆಂದು ಅರ್ಥವೇ? ಅಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದು ಗೆರೆ ಎಳೆಯಿತು. ಆಯೋಗದ ಅಧ್ಯಕ್ಷರಾಗಿದ್ದ ಡಿ.ಎಸ್. ಕೊಠಾರಿ ಅವರು ಭೌತವಿಜ್ಞಾನಿ ಎಂಬುದು ನನ್ನಂಥವನಿಗೆ ಸಮಾಧಾನದ ಸಂಗತಿ. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೂಡ, ಧರ್ಮಗಳ ಅಧ್ಯಯನಕ್ಕೆ 28ನೇ ವಿಧಿ ಅಡ್ಡಿಯಲ್ಲ ಎಂದಿತು.

ಸರಳವಾಗಿ ಹೇಳುವುದಾದರೆ, ಶಾಲೆ ಕಾಯಿ ಒಡೆಯುವ ಜಾಗವಲ್ಲ. ಕಾಯಿಯನ್ನು ಯಾಕೆ ಒಡೆಯುತ್ತಾರೆ, ಯಾರು ಒಡೆಯುವುದಿಲ್ಲ ಎಂದು ತಿಳಿಯುವ ಜಾಗ.

2022ರಲ್ಲಿ ಈ ಚರ್ಚೆ ನಮ್ಮ ಮನೆಬಾಗಿಲಿಗೇ ಬಂತು. ಆ ವರ್ಷ ಮಾರ್ಚಿಯಲ್ಲಿ ಗುಜರಾತ್ ಸರ್ಕಾರ 6ರಿಂದ 12ನೇ ತರಗತಿಯ ಮಕ್ಕಳಿಗೆ ಭಗವದ್ಗೀತೆ ಕಲಿಸುವುದಾಗಿ ಪ್ರಕಟಿಸಿದಾಗ ಕರ್ನಾಟಕದಲ್ಲೂ ನೀತಿಶಿಕ್ಷಣದ ಮಾತು ಎದ್ದಿತು. ಆಗ ಶಿಕ್ಷಣ ಸಚಿವರಾಗಿದ್ದವರು ತಿಪಟೂರಿನ ಶಾಸಕ ಬಿ.ಸಿ. ನಾಗೇಶ್ ಅವರು. ಹೀಗಾಗಿ ರಾಜ್ಯದ ಚರ್ಚೆ ನಮ್ಮ ಟೀ ಅಂಗಡಿಯ ಚರ್ಚೆಯೂ ಆಯಿತು. ಗೀತೆ ಬೇಕೆಂದವರು, ಬೇಡವೆಂದವರು, ಎಲ್ಲ ಗ್ರಂಥಗಳ ಸಾರವೂ ಇರಲಿ ಎಂದವರು, ಮೂವರೂ ಒಂದೇ ಬೆಂಚಿನಲ್ಲಿ ಕೂತು ಟೀ ಕುಡಿದರು. ಅದೇ ಮಾರ್ಚ್ 15ಕ್ಕೆ ಹಿಜಾಬ್ ಕುರಿತ ಹೈಕೋರ್ಟ್ ತೀರ್ಪು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಂದ ಎರಡು ಬೇರೆ ಬೇರೆ ತೀರ್ಪು. ತೀರ್ಪುಗಳ ಬಗ್ಗೆ ಮಾತಾಡುವುದು ನನ್ನ ಕೆಲಸವಲ್ಲ. ಆದರೆ ಐದನೇ ಇಯತ್ತೆಯಿಂದ ಒಂದೇ ಡಬ್ಬಿಯಲ್ಲಿ ಉಂಡ ಇಬ್ಬರು ಹುಡುಗಿಯರು ಆ ವರ್ಷ ಬೇರೆ ಬೇರೆ ಬೆಂಚಿಗೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ. ಯಾರೂ ಸರಿಯಿರಿ ಎಂದಿರಲಿಲ್ಲ. ತಾವಾಗಿಯೇ ಸರಿದಿದ್ದರು. ನೀತಿಪಾಠ ಇನ್ನು ಕೋಣೆಯೊಳಗೆ ಸಾಲದು ಅನ್ನಿಸಿದ್ದು ಆಗ.

ಮೂರು ಊರು, ಒಂದು ದಿನ

2023ರ ಡಿಸೆಂಬರಿನಲ್ಲಿ ಒಂದು ದಿನದ ಹೊರಸಂಚಾರ ಹೂಡಿದೆವು. ಕೊಬ್ಬರಿ ಬೆಲೆ ನೆಲಕಚ್ಚಿದ ವರ್ಷ. ಮೈಸೂರು, ಹಂಪಿ ಎಂದರೆ ಅರ್ಧ ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು. ಸುತ್ತಲಿನ ಊರುಗಳೇ ಸಾಕು ಎಂದುಕೊಂಡೆವು. ಪೋಷಕರ ಒಪ್ಪಿಗೆ ಪತ್ರದಲ್ಲಿ ಹೋಗುವ ಜಾಗಗಳ ಹೆಸರನ್ನೆಲ್ಲ ಬರೆದೆ.

ಇಬ್ಬರು ಬಂದು ಕೇಳಿದರು. ‘ಮಗಳನ್ನ ಗುಡಿಗೆ ಕರ್ಕೊಂಡು ಹೋಗ್ತೀರಂತಲ್ಲ ಮೇಷ್ಟ್ರೇ?’ ಎಂದರು ಒಬ್ಬ ಸಾಹೇಬರು. ‘ನಮ್ಮ ಹುಡುಗನ್ನ ಗೋರಿಗ್ಯಾಕೆ ಸಾ?’ ಎಂದರು ಒಬ್ಬ ಗೌಡರು. ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ: ‘ಯಾರೂ ಕೈಮುಗಿಯಬೇಕಾಗಿಲ್ಲ, ತೀರ್ಥ ತಗೋಬೇಕಾಗಿಲ್ಲ. ಮುಗಿಯಬೇಕು ಅನ್ನಿಸಿದರೆ ಮುಗೀಲಿ. ಒಳಗೆ ಹೋಗೋದು ಬಿಡೋದು ಅವರವರ ಇಷ್ಟ. ನೋಡಿ ಬರೆದುಕೊಂಡು ಬಂದರೆ ಸಾಕು.’ ಇಬ್ಬರೂ ರುಜು ಹಾಕಿದರು.

ಮೊದಲು ಅರಳಗುಪ್ಪೆ. ತಿಪಟೂರು ತಾಲ್ಲೂಕಿನ ಈ ಪುಟ್ಟ ಊರಲ್ಲಿ 9ನೇ ಶತಮಾನದ ಕಲ್ಲೇಶ್ವರ ಗುಡಿಯಿದೆ, ಹೊಯ್ಸಳರ ಕಾಲದ ಚೆನ್ನಕೇಶವನ ಗುಡಿಯೂ ಇದೆ. ಕಲ್ಲೇಶ್ವರನ ಗುಡಿಯ ಭುವನೇಶ್ವರಿಯನ್ನು ನೋಡಬೇಕಾದರೆ ನೆಲದ ಮೇಲೆ ಅಂಗಾತ ಮಲಗಬೇಕು. ನಟ್ಟನಡುವೆ ಕುಣಿಯುವ ಶಿವ, ಸುತ್ತ ತಮ್ಮ ತಮ್ಮ ವಾಹನಗಳ ಮೇಲೆ ಎಂಟು ದಿಕ್ಕಿನ ಒಡೆಯರು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದ ಆ ಸಾಹೇಬರ ಮಗಳು ಒಳಗೆ ಬಂದಳು. ತಲೆಯೆತ್ತಿ ನೋಡಿ, ‘ಸಾರ್, ಇದು ದಿಕ್ಸೂಚಿ!’ ಎಂದಳು. ದಿಕ್ಪಾಲಕರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಹೆಸರು ಗೊತ್ತಿದ್ದವರಿಗೆ ದಿಕ್ಕು ಹೊಳೆದಿರಲಿಲ್ಲ. ಬೇರೆ ಬೆಂಚಿಗೆ ಸರಿದಿದ್ದ ಅವಳ ಗೆಳತಿಯೇ ಇಂದ್ರ, ಅಗ್ನಿ, ಯಮ ಎಂದು ಹೆಸರು ಹೇಳುತ್ತಾ ಹೋದಳು. ಇವಳು ನೋಟುಬುಕ್ಕಿನಲ್ಲಿ ದಿಕ್ಕು ಬರೆದುಕೊಂಡಳು.

ಅಲ್ಲಿಂದ ತುರುವೇಕೆರೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮಣ್ಣ ಸುಮಾರು 1263ರಲ್ಲಿ ಇಲ್ಲಿ ಚೆನ್ನಿಗರಾಯನ ಗುಡಿ ಕಟ್ಟಿಸಿದ. ಅದೇ ಕಾಲದ ಮೂಲೆ ಶಂಕರೇಶ್ವರನ ಗುಡಿ ಅದೇ ಊರಿನಲ್ಲಿದೆ. ಗಂಗಾಧರೇಶ್ವರನ ಮುಂದಿರುವ ಕಪ್ಪು ಕಲ್ಲಿನ ದೊಡ್ಡ ಬಸವನ ಮೈಹೊಳಪು ನೋಡಿ ಮಕ್ಕಳು ಬೆರಗಾದರು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದನ್ನು, ಹೊಯ್ಸಳ ಶಿಲ್ಪದ ಕುಸುರಿಗೆ ಅದೇ ಕಾರಣವಾದದ್ದನ್ನು ವಿವರಿಸಿದೆ. ನನ್ನ ವಿಜ್ಞಾನ ಮುಗಿಯುತ್ತಿದ್ದಂತೆ ಒಬ್ಬ ಹುಡುಗ, ‘ನಮ್ಮಜ್ಜಿ ಕೇಶವನ ಗುಡಿಗೆ ಕಾಲಿಡಲ್ಲ ಸಾರ್, ಈಶ್ವರನ ಗುಡಿಗೆ ಮಾತ್ರ. ಆ ಕಾಲದ ಜನ ಎರಡಕ್ಕೂ ಹೋಗ್ತಿದ್ರಾ?’ ಎಂದ. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಎರಡು ಗುಡಿ ಎದ್ದಿರುವುದಂತೂ ಕಣ್ಣ ಮುಂದಿದೆ. ಮಿಕ್ಕದ್ದನ್ನು ಅಜ್ಜಿಯನ್ನೇ ಕೇಳು ಎಂದೆ.

ಮಧ್ಯಾಹ್ನ ತೋಟವೊಂದರ ನೆರಳಲ್ಲಿ ಚಿತ್ರಾನ್ನ ಉಂಡು, ಕೆ.ಬಿ. ಕ್ರಾಸ್ ದಾಟಿ ಚಿಕ್ಕನಾಯಕನಹಳ್ಳಿಗೆ ಬಂದೆವು. ‘ರಾಷ್ಟ್ರಪತಿ’ ಎಂಬ ಪದವನ್ನು ಸೂಚಿಸಿದವರೆಂದು ಕನ್ನಡಿಗರು ನೆನೆಯುವ ತೀ.ನಂ. ಶ್ರೀಕಂಠಯ್ಯನವರು ಇದೇ ತಾಲ್ಲೂಕಿನ ತೀರ್ಥಪುರದವರು. ಸಂವಿಧಾನದ ಮಾತಾಡುವ ಮೇಷ್ಟ್ರಿಗೆ ಇದನ್ನು ಹೇಳದೆ ಮುಂದೆ ಹೋಗಲಾಗದು.

ಊರಿನ ತಾತಯ್ಯನ ಗೋರಿ ಈ ಭಾಗದಲ್ಲೆಲ್ಲ ಹೆಸರಾದದ್ದು. ಸೂಫಿ ಸಂತರೊಬ್ಬರನ್ನು ಇಡೀ ಊರು ‘ತಾತಯ್ಯ’ ಎಂದು ಮನೆಯ ಹಿರಿಯನನ್ನು ಕರೆದಂತೆ ಕರೆಯುತ್ತದೆ. ಇಲ್ಲಿನ ಉರುಸನ್ನು ಹಿಂದೂಗಳೂ ಮುಸ್ಲಿಮರೂ ಸೇರಿ ನಡೆಸುತ್ತಾರೆ. ಬಸ್ಸಿಳಿದದ್ದೇ ಗೌಡರ ಮಗ ಎಲ್ಲರಿಗಿಂತ ಮುಂದೆ ನಡೆದ. ‘ನಂಗೆ ಚಿಕ್ಕವನಿದ್ದಾಗ ಜ್ವರ ಬಿಡದೇ ಇದ್ದಾಗ ನಮ್ಮಮ್ಮ ಇಲ್ಲೇ ಸಕ್ಕರೆ ಓದಿಸಿದ್ದಂತೆ ಸಾರ್. ಅಪ್ಪಂಗೆ ಗೊತ್ತಿಲ್ಲ’ ಎಂದು ಪಿಸುಗುಟ್ಟಿದ. ಅತ್ತ, ಕಾಯಿ ಚಟ್ನಿಗೆ ಮಾತ್ರ ಎಂದಿದ್ದ ಮುಸ್ಲಿಂ ಹುಡುಗ ಬಾಗಿಲಾಚೆಯೇ ನಿಂತ. ‘ನಮ್ಮಲ್ಲಿ ಗೋರಿಗೆ ಹೋಗಲ್ಲ ಸಾರ್’ ಎಂದ. ನಿನ್ನಿಷ್ಟ ಎಂದೆ. ಹಿಂದೂ ಹುಡುಗ ಗೋರಿಯ ಒಳಗೆ, ಮುಸ್ಲಿಂ ಹುಡುಗ ಹೊರಗೆ. ಯಾವ ಪಠ್ಯಪುಸ್ತಕ ಈ ಚಿತ್ರವನ್ನು ಬಿಡಿಸಿ ತೋರಿಸೀತು? ಹೊರಗೆ ನಿಂತವನ ಚಪ್ಪಲಿಯ ಪಕ್ಕದಲ್ಲೇ ಮಿಕ್ಕವರು ತಮ್ಮ ಚಪ್ಪಲಿ ಬಿಟ್ಟು, ‘ನೋಡ್ಕೊಳ್ಳೋ’ ಎಂದು ಹೇಳಿ ಹೋದರು. ಅವನು ನೋಡಿಕೊಂಡ.

ಕಾಯಿ ಒಳಗೆ, ಅಪ್ಪ ಹೊರಗೆ

ವಾಪಸು ಬರುವಾಗ ಒಂದು ಹಳ್ಳಿಯಲ್ಲಿ ಬಸ್ಸು ನಿಲ್ಲಿಸಿದೆವು. ರಸ್ತೆಯ ಪಕ್ಕದಲ್ಲೇ ಅಮ್ಮನವರ ಗುಡಿ. ಮಕ್ಕಳು ಈಗ ಗುಡಿ ಕಂಡೊಡನೆ ನೋಟುಬುಕ್ಕು ತೆಗೆಯುವ ಹುರುಪಿನಲ್ಲಿದ್ದರು. ಓಡಿದರು. ಇಬ್ಬರು ಹುಡುಗರು ಮಾತ್ರ ಬಸ್ಸಿಗೆ ಒರಗಿ ನಿಂತರು. ಬೆಳಗ್ಗೆ ಅರಳಗುಪ್ಪೆಯಲ್ಲಿ, ತುರುವೇಕೆರೆಯಲ್ಲಿ ಎಲ್ಲರಿಗಿಂತ ಮೊದಲು ಒಳಗೆ ಹೋದವರೇ ಅವರು.

‘ಯಾಕ್ರಪ್ಪಾ?’

‘ಇದು ನಮ್ಮ ಮಾವನ ಊರು ಸಾರ್. ಇಲ್ಲಿ ನಮ್ಮನ್ನ ಗೊತ್ತು.’

ಗುರುತಿಲ್ಲದ ಊರಿನಲ್ಲಿ ಅವರು ಬರೀ ಶಾಲೆಯ ಮಕ್ಕಳು. ಗುರುತಿರುವ ಊರಿನಲ್ಲಿ ಇಂಥ ಕೇರಿಯವರು. ಬಸ್ಸು ಹೊರಟ ಮೇಲೆ ಅವರಲ್ಲೊಬ್ಬ ನನ್ನ ಪಕ್ಕ ಬಂದು ಕೂತ. ಅವನ ತಂದೆ ಗಳುವಿಗೆ ಕುಡುಗೋಲು ಕಟ್ಟಿ ಕಾಯಿ ಕೆಡವುವ ಕೆಲಸದವರು. ‘ಸಾರ್, ಗುಡೀಲಿ ಒಡೆಯೋ ಕಾಯಿ ಕೆಡವೋದು ನಮ್ಮಪ್ಪ. ಸುಲಿಯೋದು ನಮ್ಮಪ್ಪ. ಕಾಯಿ ಒಳಗೆ ಹೋಗುತ್ತೆ. ನಮ್ಮಪ್ಪ ಯಾಕೆ ಹೋಗಲ್ಲ?’

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಂಶಯ ಕೇಳುವ ಹುಡುಗ ವಕ್ರೀಭವನದ ಲೆಕ್ಕ ಕೇಳುವಂತೆ ಕೇಳಿದ. ಅಸ್ಪೃಶ್ಯತೆ ನಿಷೇಧಿಸುವ 17ನೇ ವಿಧಿ 1950ರಿಂದ ಇದೆ, 1955ರ ಕಾನೂನೂ ಇದೆ ಎಂದು ಅವನಿಗೂ ಗೊತ್ತು. ಸಮಾಜ ವಿಜ್ಞಾನದಲ್ಲಿ ಅದಕ್ಕೆ ಅಂಕ ಪಡೆದಿದ್ದಾನೆ. ನಾನಾ ಮತಗಳ ಮಕ್ಕಳಿಗೆ ಧರ್ಮದ ಬಗ್ಗೆ ತಿಳಿಸುವುದೆಂದರೆ ಹಬ್ಬಗಳ ಪಟ್ಟಿ ಓದುವುದಲ್ಲ. ಯಾರ ಹಬ್ಬ, ಯಾರು ಹೊರಗೆ ಎಂಬುದನ್ನೂ ಎತ್ತಬೇಕಾಗುತ್ತದೆ. ಇಲ್ಲದಿದ್ದರೆ ಭಾವೈಕ್ಯದ ಪಾಠವೆಲ್ಲ ನೀರು ಇಂಗದ ಕಾಯಿಯಂತೆ. ಅಟ್ಟದಲ್ಲಿ ಎಷ್ಟು ದಿನ ಇಟ್ಟರೂ ಕೊಳೆಯುತ್ತದೆಯೇ ಹೊರತು ಕೊಬ್ಬರಿಯಾಗದು.

ಮುಂದಿನ ನೀತಿಪಾಠದಲ್ಲಿ ಹುಡುಗನ ಒಪ್ಪಿಗೆ ಪಡೆದು, ಹೆಸರು, ಊರು ಹೇಳದೆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದೆ. ಕೆಳಗೆ ನನ್ನದೊಂದು ಸಾಲು ಸೇರಿಸಿದೆ: ‘ಬೇಡ ಎಂದದ್ದು ದೇವರೋ, ಊರಿನವರೋ? ಮನೆಯಲ್ಲಿ ಕೇಳಿ ಬನ್ನಿ.’ ತರಗತಿ ಅಷ್ಟು ಹೊತ್ತು ನಿಶ್ಶಬ್ದವಾಗಿದ್ದನ್ನು ನಾನು ಪ್ರಯೋಗ ಪರೀಕ್ಷೆಯಲ್ಲೂ ಕಂಡಿಲ್ಲ.

ಮೂರು ದಿನದ ಮೇಲೆ ಒಬ್ಬ ಹುಡುಗಿಯ ತಾತ ಶಾಲೆಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥ ಹಿರಿಯರು. ‘ಮಕ್ಕಳ ಕೈಲಿ ಇಂಥದ್ದೆಲ್ಲ ಯಾಕೆ ಕೇಳುಸ್ತೀರಿ ಮೇಷ್ಟ್ರೇ? ಹಿಂದಿಂದ ನಡ್ಕೊಂಡು ಬಂದಿರೋದು’ ಎಂದರು. ‘ಕೂತ್ಕೊಳ್ಳಿ ಗೌಡ್ರೇ’ ಎಂದು ಟೀ ತರಿಸಿದೆ. ತುಮಕೂರಿನ ಸಿದ್ಧಗಂಗೆಯ ಮಾತು ತೆಗೆದೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಮತದ ಸಾವಿರಾರು ಮಕ್ಕಳನ್ನು ಒಂದೇ ಸೂರಿನಡಿ ಕೂರಿಸಿ ಅನ್ನ, ಅಕ್ಷರ ಕೊಟ್ಟದ್ದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ವರ್ಷಾವರ್ಷ ಮಠಕ್ಕೆ ಕಾಯಿ ಕಳಿಸುವ ಮನೆ ಅವರದು. ಟೀ ಕುಡಿದರು. ಏನನ್ನೋ ಹೇಳಲು ಹೊರಟು ನಿಲ್ಲಿಸಿದರು. ‘ಬರ್ತೀನಿ ಮೇಷ್ಟ್ರೇ’ ಎಂದು ಎದ್ದು ಹೋದರು. ಸೋಮವಾರ ಮೊಮ್ಮಗಳ ನೋಟುಬುಕ್ಕಿನಲ್ಲಿ ಒಂದೇ ಸಾಲು ಇತ್ತು: ‘ದೇವರು ಬೇಡ ಅಂದಿಲ್ಲವಂತೆ. ಮತ್ತೆ ಯಾರು ಅಂತ ಕೇಳಿದೆ, ತಾತ ಉತ್ತರ ಹೇಳಲಿಲ್ಲ.’

ನಾನು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದೆ.

ಆ ಹಳ್ಳಿಯ ಗುಡಿಯ ಬಾಗಿಲಲ್ಲಿ ಆಮೇಲೆ ಏನೂ ಬದಲಾಗಿಲ್ಲ. ಒಂದು ಪೀರಿಯಡ್ಡಿನಿಂದ ಬದಲಾಗುವಂಥದ್ದೂ ಅಲ್ಲ. ಆದರೆ ಒಂದೇ ಬೆಂಚಿಗೆ ಮರಳಿದ ಆ ಇಬ್ಬರು ಗೆಳತಿಯರು ಈಗ ಪಿಯುಸಿ ಮುಗಿಸಿದ್ದಾರೆ. ಕಾಯಿ ಕೆಡವುವವರ ಮಗ ಡಿಪ್ಲೊಮಾ ಸೇರಿದ್ದಾನೆ. ದಾರಿಯಲ್ಲಿ ಸಿಕ್ಕರೆ ಅವನು ಆಮ್ಲ-ಪ್ರತ್ಯಾಮ್ಲದ ಬಗ್ಗೆ ಕೇಳುವುದಿಲ್ಲ. ‘ಈ ವರ್ಷದ ಮಕ್ಕಳಿಗೂ ಆ ಪ್ರಶ್ನೆ ಬರೆದ್ರಾ ಸಾರ್?’ ಎನ್ನುತ್ತಾನೆ.

ಬರೆಯುತ್ತಿದ್ದೇನೆ. ಈ ಪೀರಿಯಡ್ಡಿಗೆ ಪರೀಕ್ಷೆಯಿಲ್ಲ, ಅಂಕವಿಲ್ಲ, ಫಲಿತಾಂಶದ ಪಟ್ಟಿಯಲ್ಲಿ ಜಾಗವಿಲ್ಲ. ಓದುಗರು ಈ ಕಡೆ ಬಂದರೆ ಅರಳಗುಪ್ಪೆಯ ಭುವನೇಶ್ವರಿ ನೋಡಿ, ತುರುವೇಕೆರೆಯ ಬಸವನ ಮೈ ಸವರಿ, ತಾತಯ್ಯನ ಗೋರಿಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಿ. ದಾರಿಯಲ್ಲಿ ಎಳನೀರು ಕುಡಿಯುವಾಗ ಕೊಚ್ಚಿ ಕೊಡುವವರ ಊರು, ಮಕ್ಕಳ ಓದು ವಿಚಾರಿಸಿ. ಈ ಸೀಮೆಯನ್ನು ತಿಳಿಯಬೇಕಾದರೆ ಮರವನ್ನು ನೋಡಿದರೆ ಸಾಲದು. ಮರ ಹತ್ತಿ ಇಳಿದವರ ಮಾತನ್ನೂ ಕೇಳಬೇಕು.